ಅತ್ತೆಯ ಸಡಿಲ ಬಳೆಗಳು

ಪ್ರವಾಸದ ವಿಮೆ ಮಾಡಿಕೊಡುವ ಕಚೇರಿಯಲ್ಲಿ ನನ್ನ ಕೆಲಸ. ಜನ ಪರದೇಶಕ್ಕೆ ಹೋಗಿ ಏನೇನು ಕಳೆದುಕೊಂಡು ಬಂದರು ಎಂಬುದನ್ನು ಓದಿ, ಯಾರಿಗೆ ಪರಿಹಾರ ಕೊಡಬೇಕು, ಯಾರಿಗೆ ಇಲ್ಲ ಅನ್ನಬೇಕು ಎಂದು ಬರೆಯುವುದು. ಸರ, ವಾಚು, ಉಂಗುರ, ಹೋಟೆಲಿನ ಸ್ನಾನದ ಮನೆಯಲ್ಲಿ ಬಿಟ್ಟ ಓಲೆ. ಬೆಳಗಿನಿಂದ ಸಂಜೆಯವರೆಗೂ ಇದನ್ನೇ ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. ನನಗಂತೂ ಹೊಸಬರನ್ನು ಕಂಡರೆ ಮುಖಕ್ಕಿಂತ ಮೊದಲು ಅವರ ಕೈ ಎಲ್ಲಿದೆ ಅಂತ ಕಾಣುತ್ತದೆ. ನಮ್ಮ ಮನೆಯವರು ಇದನ್ನು ಕಾಯಿಲೆ ಅನ್ನುತ್ತಾರೆ. ಅನ್ನಲಿ, ಅವರ ಜೇಬಿನ ಪರ್ಸು ಇವತ್ತಿಗೂ ಅವರ ಜೇಬಿನಲ್ಲೇ ಇದೆ.

ಇಂಥ ನನಗೆ ಸಿಕ್ಕ ಅತ್ತೆ ನರ್ಸ್. ಹೆರಿಗೆ ವಾರ್ಡಿನಲ್ಲಿ ಬದುಕು ಸವೆಸಿದವರು. ಆ ವಾರ್ಡಿನಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಕೂಡದು. ಬಳೆ ಇಲ್ಲ, ಉಂಗುರ ಇಲ್ಲ, ವಾಚನ್ನು ಸಹ ಎದೆಯ ಮೇಲೆ ಪಿನ್ನು ಹಾಕಿ ತೂಗುಬಿಟ್ಟುಕೊಳ್ಳಬೇಕು. ನಮ್ಮ ಮದುವೆಯ ಫೋಟೋದಲ್ಲೂ ಅವರದು ಬೋಳು ಕೈ. ಅಂದು ಮಧ್ಯಾಹ್ನ ಡ್ಯೂಟಿ ಇತ್ತಂತೆ.

ನಿವೃತ್ತಿಯಾದ ಮೇಲೆ ಅವರು ಮೊದಲು ಹೋದದ್ದು ಅಕ್ಕಸಾಲಿಯ ಅಂಗಡಿಗೆ. ನಾನೂ ಜೊತೆಗಿದ್ದೆ. ಕೈಗೊಂದು ಜೊತೆ ಚಿನ್ನದ ಬಳೆ ಬೇಕು ಅಂದರು. ಅಕ್ಕಸಾಲಿ ಅಳತೆ ತೋರಿಸಿದರೆ ಅತ್ತೆ ಅದಕ್ಕಿಂತ ದೊಡ್ಡದು ಕೇಳಿದರು.

“ಅಷ್ಟು ಸಡಿಲ ಆದ್ರೆ ಜಾರಿ ಬಿದ್ದುಹೋಗುತ್ತಮ್ಮ,” ಎಂದ ಅವನು.

“ಜಾರ್ಲಿ. ಬೇಕು ಅಂದಾಗ ತಟ್ಟಂತ ಕೈ ಬಿಟ್ಟು ಬರ್ಬೇಕು.”

“ಯಾರಾದ್ರೂ ಬಳೆ ಬಿಚ್ಚೋದಕ್ಕೆ ಅಂತ ಮಾಡಿಸ್ತಾರಾ?” ಎಂದು ಅವನು ನನ್ನ ಮುಖ ನೋಡಿದ. ನಾನೇನು ಹೇಳಲಿ? ಆಸ್ಪತ್ರೆ ಬಿಟ್ಟರೂ ಆಸ್ಪತ್ರೆ ಅವರನ್ನು ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದರೆ ತಿರುಗಿ ಕೂಡ ನೋಡದೆ ಎಡಕ್ಕೆ ಚಾಚಿ ಬಿಟ್ಟುಬಿಡುತ್ತಿದ್ದರು. ವಾರ್ಡಿನಲ್ಲಿ ಅವರ ಎಡಗಡೆ ಯಾವಾಗಲೂ ಒಬ್ಬರು ಇರುತ್ತಿದ್ದರಂತೆ, ಕೊಟ್ಟದ್ದನ್ನು ಹಿಡಿಯಲು. ನಮ್ಮ ಅಡುಗೆಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಮುಚ್ಚಳಗಳೆಲ್ಲ ನೆಗ್ಗಿಹೋಗಿದ್ದವು.

“ಎಡಗಡೆ ಯಾರು ನಿಲ್ಬೇಕು ಅಂತ ನಾನೇ ಆರಿಸ್ತಿದ್ದೆ ಕಣೇ,” ಎಂದು ಒಮ್ಮೆ ಹೇಳಿದ್ದರು. “ಡಾಕ್ಟ್ರು ಯಾರಾದ್ರೂ ಆಗ್ಲಿ, ನಡೆಯುತ್ತೆ. ಎಡಗಡೆ ಮಾತ್ರ ಯಾರೋ ಒಬ್ರು ನಿಂತ್ರೆ ಆಗಲ್ಲ.”

ಬಳೆ ಬಂದ ಮೇಲೆ ಅತ್ತೆ ಮಾತಾಡುವಾಗ ಸುಮ್ಮಸುಮ್ಮನೆ ಕೈ ಎತ್ತುವುದನ್ನು ಕಲಿತರು. ಅವು ಮೊಣಕೈಯವರೆಗೆ ಜಾರಿ, ಮತ್ತೆ ಘಲ್ಲೆಂದು ಇಳಿಯಬೇಕು. ಆ ಸದ್ದಿಗೆ ಅವರ ಮುಖ ಅರಳುವುದನ್ನು ನೋಡಿದರೆ ಎಂಥ ಕಲ್ಲೆದೆಯವರಿಗೂ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ನನಗೆ ಬಂತು. ನಾವು ಮೂವರೂ ಪರದೇಶ ನೋಡಿಬರಲು ಟಿಕೆಟ್ ತೆಗೆಸಿದ ದಿನವೇ ಬಂತು.

“ಅತ್ತೆ, ಬಳೆ ಬೀರುವಿನಲ್ಲಿರಲಿ.”

“ಯಾಕೆ, ಬೀರುಗೆ ಕೈ ಇದೆಯಾ?”

“ಗುರುತಿಲ್ಲದ ಊರು, ಭಾಷೆ ಬೇರೆ. ನಮ್ಮ ಆಫೀಸಿಗೆ ಬರೋದನ್ನ ನೀವು ಓದಿದ್ರೆ ಕಿವೀನೂ ಬಿಚ್ಚಿ ಮನೇಲಿಟ್ಟು ಬರ್ತೀರಿ. ಅದೂ ಈ ಬಳೆ! ಕಳ್ಳ ಕಷ್ಟಪಡೋದೇ ಬೇಡ, ಕೈ ಕುಲುಕಿದ್ರೆ ಸಾಕು.”

ಅತ್ತೆ ನಗಲಿಲ್ಲ. “ಕೆಲಸದಲ್ಲಿದ್ದಾಗ ಆಸ್ಪತ್ರೆಯವರು ಬೇಡ ಅಂದ್ರು, ಹಾಕ್ಕೊಳ್ಳಲಿಲ್ಲ. ಈಗ ಕೆಲಸ ಮುಗೀತು, ನೀನು ಬೇಡ ಅಂತೀಯ. ಮತ್ತೆ ನಾನು ಹಾಕ್ಕೊಳ್ಳೋದು ಯಾವಾಗಮ್ಮಾ?”

ನಮ್ಮ ಮನೆಯವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ಹಾಕ್ಕೊಂಡ್ರೂ ಚೆಂದ, ಬಿಟ್ರೂ ಕ್ಷೇಮ,” ಅಂದರು. ಆ ಸಿಟ್ಟಿಗೆ ಅವರ ಮದುವೆಯ ದುಬಾರಿ ವಾಚನ್ನು ಬಿಚ್ಚಿಸಿ ಬೀರುವಿಗೆ ಹಾಕಿ ಬೀಗ ಜಡಿದೆ. ಬದಲಿಗೆ ಬೀದಿಬದಿಯಲ್ಲಿ ಕೊಂಡ ರಬ್ಬರ್ ಪಟ್ಟಿಯ ವಾಚು ಕಟ್ಟಿದೆ. ಮಗನ ಹತ್ತಿರ ಗೆದ್ದೆ, ಅಮ್ಮನ ಹತ್ತಿರ ಸೋತೆ.

ಅಲ್ಲಿ ಇಳಿದಾಗಿನಿಂದ ಅತ್ತೆಯ ಬಲಗಡೆ ಬಿಟ್ಟು ನಾನು ಕದಲಲಿಲ್ಲ. ಅವರ ಕೈಚೀಲ ಬಲಭುಜಕ್ಕಿತ್ತು, ಪಾಸ್‌ಪೋರ್ಟುಗಳೆಲ್ಲ ಅದರಲ್ಲಿದ್ದವು. ನನ್ನ ಒಂದು ಕಣ್ಣು ಚೀಲದ ಮೇಲೆ, ಇನ್ನೊಂದು ಬಳೆಗಳ ಮೇಲೆ. ಊರು ನೋಡಲು ಮೂರನೇ ಕಣ್ಣು ಇರಲಿಲ್ಲ. ಅತ್ತೆ ಮಾತ್ರ ಸೇತುವೆ ಕಂಡರೆ ಕೈ ಎತ್ತಿ ತೋರಿಸಿದರು, ಗೋಪುರ ಕಂಡರೆ ಕೈ ಎತ್ತಿ ತೋರಿಸಿದರು, ಗಿಡದ ಮೇಲೆ ಬೆಕ್ಕು ಕೂತಿದ್ದರೆ ಅದಕ್ಕೂ ಕೈ ಎತ್ತಿದರು. ಘಲ್, ಘಲ್. ದಾರಿಹೋಕರೆಲ್ಲ ತಿರುಗಿ ನೋಡುತ್ತಿದ್ದರು. ನನ್ನ ಜೀವ ಬಾಯಿಗೆ ಬರುತ್ತಿತ್ತು.

ವಾಪಸ್ ಹೊರಡುವ ಹಿಂದಿನ ದಿನದ ಮಾತು. ರಬ್ಬರ್ ವಾಚು ಹಿಂದೆ ಬಿದ್ದು ಪ್ರವಾಸಿಗರ ಬಸ್ಸು ತಪ್ಪಿಹೋಯಿತು. “ನನ್ನ ವಾಚು ಬೀರುವಿನಲ್ಲಿ ಸರಿಯಾದ ಟೈಮ್ ತೋರಿಸ್ತಾ ಇರುತ್ತೆ,” ಎಂದು ನಮ್ಮ ಮನೆಯವರು ತಣ್ಣಗೆ ಚುಚ್ಚಿದರು. ಹಾಗಾಗಿ ಟ್ರಾಮ್ ಹತ್ತಿದೆವು. ನೂಕುನುಗ್ಗಲು. ಗೋಡೆಗೆ ಬಣ್ಣ ಬಳಿಯುವ ಕೆಲಸದವನೊಬ್ಬ ನಮ್ಮ ಪಕ್ಕದಲ್ಲೇ ನಿಂತಿದ್ದ. ಪ್ಯಾಂಟಿನ ಮೇಲೆ, ಬೂಟಿನ ಮೇಲೆ, ಹುಬ್ಬಿನ ಮೇಲೆಲ್ಲ ಬಿಳಿ ಬಣ್ಣ. ಅವನ ಕಣ್ಣು ಅತ್ತೆಯ ಬಳೆಗಳಿಗೆ ಅಂಟಿಕೊಂಡಿತ್ತು. ನಾನು ಅತ್ತೆಯನ್ನು ಈಚೆ ಎಳೆದು, ಮಧ್ಯೆ ನಿಂತು, ಅವನನ್ನು ದುರುಗುಟ್ಟಿ ನೋಡಿದೆ. ಅವನು ಪೆಚ್ಚಾಗಿ ಕಿಟಕಿಯ ಕಡೆ ತಿರುಗಿದ.

ನಾವು ಇಳಿದ ಕಡೆಯೇ ಅವನೂ ಇಳಿದ. ನಾನು ಅತ್ತೆಗೆ ಇನ್ನಷ್ಟು ಅಂಟಿಕೊಂಡೆ. ಅಷ್ಟರಲ್ಲಿ ಇಳಿಜಾರಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಹೆಂಗಸಿನ ಮುಂಚಕ್ರ ಟ್ರಾಮಿನ ಹಳಿಗೆ ಸಿಕ್ಕಿಕೊಂಡಿತು. ಅವಳು ಬುಟ್ಟಿಯ ಸಮೇತ ನಮ್ಮ ಮುಂದೆಯೇ ಬಿದ್ದಳು. ಬುಟ್ಟಿಯಲ್ಲಿದ್ದ ಗಾಜಿನ ಬಾಟಲಿ ಒಡೆದು ಅವಳ ಮುಂಗೈ ಸೀಳಿತು. ರಕ್ತ ಚಿಮ್ಮಿತು. ಸುತ್ತಲಿನವರು ಕೂಗಿಕೊಂಡರು, ಕೂಗಿಕೊಂಡು ಅಲ್ಲೇ ನಿಂತರು.

ಅತ್ತೆ ಕೂಗಲಿಲ್ಲ. ಅವರ ಕೈಚೀಲ ನನ್ನ ಕಾಲ ಮೇಲೆ ಬಿತ್ತು. ನಾನು ಬಗ್ಗಿ ಅದನ್ನು ಎದೆಗೆ ಅವಚಿಕೊಂಡು ಏಳುವಷ್ಟರಲ್ಲಿ ಅವರು ನೆಲದ ಮೇಲೆ ಮಂಡಿಯೂರಿ, ಆ ಹೆಂಗಸಿನ ಕೈಯನ್ನು ಮೇಲಕ್ಕೆತ್ತಿ ಹಿಡಿದಿದ್ದರು. “ಶಾಲು!” ಅಂದರು. ನನ್ನ ಹತ್ತಿಯ ಶಾಲನ್ನು ಕೊಟ್ಟೆ. ಅದನ್ನು ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಕೂತರು. “ಏನೂ ಆಗಲ್ಲ ಮಗಳೇ, ನನ್ನ ನೋಡು, ನನ್ನ ಕಣ್ಣು ನೋಡು. ಹೂಂ, ಉಸಿರು ಬಿಡು,” ಎಂದು ಕನ್ನಡದಲ್ಲೇ ಹೇಳುತ್ತಾ ಹೋದರು. ಬಿಳಿಚಿಕೊಂಡಿದ್ದ ಆ ಹೆಂಗಸು ಅವರ ಕಣ್ಣನ್ನೇ ನೋಡುತ್ತಾ ನಿಧಾನವಾಗಿ ಉಸಿರು ಬಿಟ್ಟಳು. ನಮ್ಮ ಮನೆಯವರು ಓಡಿಹೋಗಿ ಎದುರಿನ ಅಂಗಡಿಯವರಿಂದ ಆಂಬುಲೆನ್ಸಿಗೆ ಫೋನ್ ಮಾಡಿಸಿದರು.

ಅತ್ತೆಯನ್ನು ಕೆಲಸದಲ್ಲಿ ನಾನು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಮುಚ್ಚಳ ಬೀಳಿಸುವ, ಸಕ್ಕರೆ ಡಬ್ಬಿ ಎಲ್ಲಿಟ್ಟೆ ಅಂತ ಹುಡುಕುವ ಅತ್ತೆ ಇವರಲ್ಲ. ಅವರ ಒಂದು ಬೆರಳೂ ಸುಮ್ಮನೆ ಅಲುಗುತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ನೋಡದೇ ಇದ್ದದ್ದು ಇದನ್ನೇ ಅಲ್ಲವಾ! ಇವರು ನಮ್ಮ ಅತ್ತೆ ಎಂದು ಅಲ್ಲಿದ್ದವರಿಗೆಲ್ಲ ಸಾರಿ ಹೇಳೋಣ ಅನ್ನಿಸಿತು. ಭಾಷೆ ಬರುತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ.

ಪೊಲೀಸಿನವನು ಬಂದು ಜನರನ್ನೆಲ್ಲ ಆಚೆ ಬದಿಯ ಫುಟ್‌ಪಾತಿಗೆ ಅಟ್ಟಿದ. ಹಿಂದಿನಿಂದ ಬಂದ ಟ್ರಾಮ್ ಅವರಿಗೂ ನಮಗೂ ಮಧ್ಯೆ ಗೋಡೆಯ ಹಾಗೆ ನಿಂತುಬಿಟ್ಟಿತು. ಆಂಬುಲೆನ್ಸಿನವರು ಅತ್ತೆ ಒತ್ತಿ ಹಿಡಿದಿದ್ದ ಶಾಲನ್ನು ತೆಗೆಯದೆ ಅದರ ಮೇಲೆಯೇ ಪಟ್ಟಿ ಸುತ್ತಿ, ಅವರ ಭುಜ ತಟ್ಟಿ, ಆ ಹೆಂಗಸನ್ನು ಕರೆದುಕೊಂಡು ಹೋದರು.

ಅತ್ತೆಯ ಕೈಗೆ ಬಾಟಲಿಯ ನೀರು ಹೊಯ್ಯುತ್ತಿದ್ದೆ. ರಕ್ತ ಹೋಯಿತು. ಬೋಳು ಕೈ ಕಂಡಿತು.

“ಅತ್ತೆ, ಬಳೆ?”

“ಕೊಟ್ಟೆ.”

“ಯಾರಿಗೆ ಕೊಟ್ರಿ?”

“ಎಡಗಡೆ ಇದ್ದೋರಿಗೆ.”

“ಎಡಗಡೆ ಯಾರಿದ್ರು ಅತ್ತೆ?”

ಅತ್ತೆ ಎಡಕ್ಕೆ ತಿರುಗಿದರು. ಖಾಲಿ ರಸ್ತೆ, ಒಡೆದ ಗಾಜು, ಸೊಟ್ಟಗಾದ ಸೈಕಲ್ಲು. ಅವರ ಮುಖ ಇಳಿಯುವುದನ್ನು ನೋಡಿದೆ. “ಅಯ್ಯೋ,” ಅಂದರು ಮೆಲ್ಲಗೆ. “ಇದು ವಾರ್ಡಲ್ಲ ಅಲ್ವಾ.”

ಕಳ್ಳರಿಗೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು. ಕಳ್ಳ ಬರಲೇ ಇಲ್ಲ, ಇವರೇ ಕರೆದು ಕೊಟ್ಟಿದ್ದರು. ‘ತಾವಾಗಿಯೇ ಅಪರಿಚಿತರ ಕೈಗೆ ಕೊಟ್ಟ ವಸ್ತುವಿಗೆ ಪರಿಹಾರ ಇಲ್ಲ’ ಎಂದು ಎಷ್ಟು ಜನರಿಗೆ ಬರೆದಿದ್ದೇನೋ! ಆ ಸಾಲು ಓದಿ ಅವರೆಲ್ಲ ಹೇಗೆ ಕೂತಿದ್ದರು ಎಂಬುದು ಅತ್ತೆ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತಾಗ ಗೊತ್ತಾಯಿತು.

“ಹೋಗ್ಲಿ ಬಿಡು,” ಅಂದರು. “ಮೊದಲೂ ಇರ್ಲಿಲ್ಲ, ಈಗಲೂ ಇಲ್ಲ. ಅಭ್ಯಾಸ ಇದೆ.” ಆದರೆ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಸವರುತ್ತಲೇ ಇದ್ದರು. ನನಗೆ ಬೈಯಬೇಕು ಅನ್ನಿಸಲಿಲ್ಲ. ಅಳು ಬಂತು.

ಗಂಟೆ ಬಾರಿಸಿ ಟ್ರಾಮ್ ಹೊರಟಿತು. ಗೋಡೆ ಸರಿದ ಹಾಗೆ ಆಚೆಯ ಫುಟ್‌ಪಾತು ಕಾಣಿಸಿತು. ಜನರ ತಲೆಗಳ ಮೇಲೆ ಒಂದು ಕೈ ನೆಟ್ಟಗೆ ನಿಂತಿತ್ತು. ಮೊಣಕೈವರೆಗೆ ಬಿಳಿ ಬಣ್ಣ. ಬೆರಳುಗಳಲ್ಲಿ ಬಳೆಗಳು, ಬಿಸಿಲಿಗೆ ಫಳಫಳ ಹೊಳೆಯುತ್ತಾ.

ಅದೇ ಮನುಷ್ಯ! ಪೊಲೀಸಿನವನು ಅಟ್ಟಿದಾಗ ಅವನೂ ಆಚೆ ಹೋಗಬೇಕಾಗಿತ್ತು. ಬಳೆ ಜೇಬಿಗೆ ಹಾಕಿಕೊಂಡರೆ ಕದ್ದ ಹಾಗೆ ಕಾಣುತ್ತದೆ, ಕೆಳಗೆ ಹಿಡಿದರೆ ನಮಗೆ ಕಾಣುವುದಿಲ್ಲ. ಅದಕ್ಕೇ ಊರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದು ಅಷ್ಟು ಹೊತ್ತೂ ನಿಂತಿದ್ದಾನೆ. ಸುತ್ತಲಿನವರು ಅವನಿಂದ ಸ್ವಲ್ಪ ದೂರ ಸರಿದು, ನಾನು ಟ್ರಾಮಿನಲ್ಲಿ ನೋಡಿದ ಹಾಗೆಯೇ ಅವನನ್ನು ನೋಡುತ್ತಿದ್ದರು. ಅವನು ಕೈ ಇಳಿಸಿರಲಿಲ್ಲ.

ರಸ್ತೆ ದಾಟಿ ಬಂದ. ಕೊಡುವ ಮುಂಚೆ ತನ್ನ ಕರ್ಚೀಫು ತೆಗೆದು ಒಂದೊಂದೇ ಬಳೆಯನ್ನು ಒರೆಸಿದ. ಅತ್ತೆ ಎದ್ದು ನಿಂತು ಎರಡೂ ಕೈ ಚಾಚಿದರು. ಅವನೇ ತೊಡಿಸಿದ, ಜೋಪಾನವಾಗಿ. ಅಷ್ಟು ಸಡಿಲ ಇದ್ದದ್ದಕ್ಕೆ ಸಲೀಸಾಗಿ ಏರಿದವು. ಅವನು ತನ್ನ ಭಾಷೆಯಲ್ಲಿ ಏನೋ ಅಂದ. ಅತ್ತೆ ಕನ್ನಡದಲ್ಲಿ, “ನೂರು ಕಾಲ ಬಾಳಪ್ಪ,” ಅಂದರು. ಇಬ್ಬರಿಗೂ ಅರ್ಥವಾದ ಹಾಗಿತ್ತು. ನಾನು ಕೈ ಮುಗಿದೆ, ಮುಖ ನೋಡಿ.

ಹೋಟೆಲಿನಲ್ಲಿ ನೋಡಿದರೆ ಒಂದು ಬಳೆಯ ಅಂಚಿಗೆ ಬಿಳಿ ಬಣ್ಣ ಮೆತ್ತಿಕೊಂಡಿತ್ತು. ನಮ್ಮ ಮನೆಯವರು ಉಗುರಿನಿಂದ ಕೆರೆಯಲು ಹೋದರು. ಅತ್ತೆ ಅವರ ಕೈ ಮೇಲೆ ಪಟ್ಟೆಂದು ಬಾರಿಸಿದರು.

“ನಾಳೆ ವಾಪಸ್ ಹೊರಡೋದು,” ಎಂದರು ನಮ್ಮ ಮನೆಯವರು, ಕೈ ಉಜ್ಜಿಕೊಳ್ಳುತ್ತಾ. “ಬಳೆ ಪೆಟ್ಟಿಗೇಲಿ ಇಡೋಣ್ವಾ, ಹಾಕ್ಕೋತೀಯಾ?” ಎಂದು ಅವರಮ್ಮನನ್ನು ಕೇಳಿ ನನ್ನ ಮುಖ ನೋಡಿದರು.

“ಹಾಕ್ಕೊಳ್ಳಿ ಅತ್ತೆ,” ಅಂದೆ ನಾನು.

ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಅಭ್ಯಾಸದಂತೆ ಅತ್ತೆಯ ಬಲಗಡೆ ಹೋಗಿ ನಿಂತೆ. ಅವರು ಹೆಜ್ಜೆ ಎತ್ತಲಿಲ್ಲ.

“ಅಲ್ಲಲ್ಲ ಕಣೇ,” ಅಂದರು. ನನ್ನ ಕಡೆ ತಿರುಗಿ ಕೂಡ ನೋಡದೆ ಎಡಗೈಯನ್ನು ಪಕ್ಕಕ್ಕೆ ಚಾಚಿದರು. ಘಲ್ಲೆಂದಿತು. “ಇನ್ಮೇಲೆ ಈ ಕಡೆ.”

ನಾನು ಅವರ ಹಿಂದಿನಿಂದ ಸುತ್ತಿ ಬಂದು ಎಡಗಡೆ ನಿಂತು, ಆ ಕೈ ಹಿಡಿದುಕೊಂಡೆ. ಪಾಸ್‌ಪೋರ್ಟಿದ್ದ ಚೀಲ ಆಚೆ ಬದಿಯಲ್ಲಿ ತನ್ನ ಪಾಡಿಗೆ ತೂಗಾಡುತ್ತಿತ್ತು.