ಲೋಡ್ ಕೊಟ್ಟು ನೋಡಿದ ದಿನ

ಮೋಟರ್ ರಿಪೇರಿ ನನ್ನ ಕಸುಬು. ಹೊಸ ತಂತಿ ಸುತ್ತಿದ ಮೋಟರನ್ನು ಲೋಡ್ ಕೊಟ್ಟು ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ, ಹಿಡಿಯನ್ನು ನನ್ನ ಕಿವಿಗೆ ಇಟ್ಟು ಸದ್ದು ಕೇಳದೆ ಅಂಗಡಿಯಿಂದ ಆಚೆ ಬಿಟ್ಟವನಲ್ಲ. ಅಂಥವನು ನನ್ನದೇ ಎದೆಯ ಟ್ರೆಡ್‌ಮಿಲ್ ಟೆಸ್ಟಿಗೆ ಹೋಗಿ ಆಸ್ಪತ್ರೆ ಬಾಗಿಲಿಂದ ಎರಡು ಸಲ ವಾಪಸ್ ಬಂದಿದ್ದೆ. ಒಮ್ಮೆ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ ಅಂದೆ. ಇನ್ನೊಮ್ಮೆ ಲಿಫ್ಟ್ ಕೆಟ್ಟಿದೆ ಅಂದೆ.

"ಟೆಸ್ಟ್ ಮಾಡೋದು ನೆಲಮಹಡೀಲಿ," ಅಂದಳು ಹೆಂಡತಿ.

ಮೋಟರ್ ಎತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಟೆಸ್ಟ್ ಆಗುವ ತನಕ ಭಾರ ಮುಟ್ಟಬೇಡಿ ಅಂದಿದ್ದರು ಡಾಕ್ಟರು. ಏನಾದರೂ ಸಿಕ್ಕಿತೋ, ಕಸುಬಿಗೇ ಬೀಗ. ಆ ದಿನ ಬೆಳಿಗ್ಗೆ ಅಂಗಡಿಗೆ ಹೋಗಿ, ಮತ್ತೆ ಬರುತ್ತೇನೋ ಇಲ್ಲವೋ ಅನ್ನುವ ಹಾಗೆ, ಚೆಲ್ಲಾಡಿದ್ದ ನಟ್ಟು ಬೋಲ್ಟನ್ನೆಲ್ಲ ಆಯ್ದು ಮೇಜು ಒಪ್ಪ ಮಾಡಿ ಬಂದೆ. ಈ ಸಲ ಹೆಂಡತಿ ಕಾವಲಿಗೆ ಜೊತೆಗೇ ಬಂದಳು. ಟೆಸ್ಟ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು.

"ರೀ, ಕಾಲು ಕುಣಿಸಬೇಡಿ. ಬೆಂಚೇ ನಡುಗ್ತಿದೆ."

"ನಟ್ಟು ಸಡಿಲ ಆಗಿದೆ ಇದಕ್ಕೆ."

"ನಿಮ್ಮ ನಟ್ಟು ನೋಡ್ಕೊಳ್ಳಿ ಮೊದಲು."

ಒಳಗೆ ಟೆಸ್ಟ್ ಮಾಡುವ ಹುಡುಗಿ ನನ್ನ ಎದೆಗೂದಲು ಬೋಳಿಸಿ, ತಂತಿ ಅಂಟಿಸಿ, ಬೆಲ್ಟಿನ ಮೇಲೆ ಹತ್ತಿಸಿದಳು. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ. ಬೆಲ್ಟ್ ಹೊರಟಿತು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಕಟ ಕಟ ಕಟ!

"ನಿಲ್ಲಿಸಮ್ಮಾ! ಬೇರಿಂಗ್ ಹೋಗಿದೆ!"

"ಹೋಗಿಲ್ಲ ಸರ್. ಎದೆನೋವು ಇದ್ಯಾ ಹೇಳಿ."

"ನನ್ನ ಎದೆ ಹಾಳಾಗಲಿ, ನಿನ್ನ ಮೆಷಿನ್ ನೋಡು!"

ಅವಳು ವೇಗ ಹೆಚ್ಚಿಸಿದಳು. ಸದ್ದೂ ಹೆಚ್ಚಿತು. ಬೆಲ್ಟ್ ಏರು ಹತ್ತಿತು, ನನ್ನ ಸಿಟ್ಟೂ ಹತ್ತಿತು. ಇಂಥ ಮೆಷಿನ್ ಮೇಲೆ ಜನರನ್ನು ಓಡಿಸ್ತೀರಲ್ಲ, ನಿಮಗೆ ಹೇಳೋರು ಕೇಳೋರು ಇಲ್ವಾ ಅಂತ ಏದುಸಿರಲ್ಲೇ ಬೈದೆ. ಬೈಯುವ ಭರದಲ್ಲಿ ಹೆದರುವುದೇ ಮರೆತುಹೋಯಿತು.

"ಮುಗೀತು ಸರ್, ಇಳೀರಿ."

ಇಳಿದೆ. ಬೆಲ್ಟ್ ನಿಂತಿತ್ತು. ಒಂದು ಹೆಜ್ಜೆ ಇಟ್ಟೆ. ಕಟ ಕಟ.

ಹುಡುಗಿ ನನ್ನ ಪ್ಯಾಂಟನ್ನೇ ನೋಡಿದಳು. ಜೇಬಿಗೆ ಕೈ ಹಾಕಿದರೆ, ಬೆಳಿಗ್ಗೆ ಆಯ್ದ ನಟ್ಟು ಬೋಲ್ಟು ಮುಷ್ಟಿ ತುಂಬ! ಬಾಗಿಲಲ್ಲಿ ನಿಂತ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹುಡುಗಿ ನಗು ತಡೆಯಲು ಗೋಡೆ ಕಡೆ ತಿರುಗಿದಳು. ನಾನು ಅಂಗಿ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡೆ.

ಡಾಕ್ಟರು ರಿಪೋರ್ಟ್ ನೋಡಿದರು. "ಹೃದಯಕ್ಕೆ ಏನೂ ಆಗಿಲ್ಲ. ಭಾರ ಎತ್ತಿ ಸ್ನಾಯು ಎಳೆದಿದೆ. ಎತ್ತೋಕೆ ಒಂದು ಚೈನ್ ಪುಲ್ಲಿ ಹಾಕಿಸಿ. ಕೆಲಸ ಮಾಡಿ. ಹಾಂ, ಸಿಟ್ಟು ಸ್ವಲ್ಪ ಕಡಿಮೆ ಮಾಡಿ."

"ನನಗೆಲ್ಲಿದೆ ಸಿಟ್ಟು?" ಅಂತ ಗುಡುಗಿದೆ. ಅವರು ಹೆಂಡತಿಯ ಮುಖ ನೋಡಿದರು.

ಹೊರಗೆ ಬಂದು ಬೆಂಚಿನಡಿ ಬಗ್ಗಿದೆ. ಒಂದು ಕಾಲಿಗೆ ನಟ್ಟೇ ಇರಲಿಲ್ಲ. ಜೇಬಿನಲ್ಲಿದ್ದ ಒಂದು ಸರಿಯಾಗಿ ಕೂತಿತು. ಕೈಯಲ್ಲೇ ಬಿಗಿ ಮಾಡಿದೆ.

"ನಾನು ಆಗಲೇ ಹೇಳಲಿಲ್ವಾ?"

"ಹೇಳಿದ್ರಿ ಮಹಾರಾಯ. ಏಳಿ ಈಗ, ಹೊಟ್ಟೆ ಹಸೀತಿದೆ."