ಪಂಡೆಲಿಸನ ಉಪವಾಸ

ಹೇಸರಗತ್ತೆಯ ಮೇಲೆ ಅದರ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂದು ಇಡೀ ಗ್ರೀಸಿಗೇ ಕಾನೂನು ಬಂದಾಗ ಪಂಡೆಲಿಸ್ ಮೊದಲು ನಕ್ಕುಬಿಟ್ಟ. ಕಾರುಗಳಿಲ್ಲದ ಆ ದ್ವೀಪದಲ್ಲಿ ಬಂದರಿನಿಂದ ಗುಡ್ಡದ ಮೇಲಿನ ಊರಿಗೆ ಸಾಮಾನು ಸಾಗಿಸುವುದು ಅವನ ಕಸುಬು. ಸಾಮಾನಿಲ್ಲದಾಗ ತಾನೇ ಹತ್ತಿ ಕೂರುವುದು ಅಭ್ಯಾಸ. ಆಮೇಲೆ ಮೀನಿನ ತಕ್ಕಡಿ ಹತ್ತಿ ನಿಂತ. ನೂರಹನ್ನೆರಡು ಕಿಲೋ! ಅವನ ಹೇಸರಗತ್ತೆ ಕನೇಲಾ ಹೊರಬಹುದಾದದ್ದು ಬರೀ ಎಪ್ಪತ್ತಾರು.

ಈಸ್ಟರ್ ಮುಗಿದ ಕೂಡಲೇ ಪಶುವೈದ್ಯೆ ತಪಾಸಣೆಗೆ ಬರುತ್ತಾಳೆ, ಲೆಕ್ಕ ತಪ್ಪಿದವರ ಪ್ರಾಣಿಯನ್ನು ಹಡಗು ಹತ್ತಿಸಿ ಒಯ್ಯುತ್ತಾಳೆ ಎಂದು ಕಾಫಿ ಅಂಗಡಿಯಲ್ಲಿ ಗುಲ್ಲು. ಹದಿನಾಲ್ಕು ವರ್ಷದ ಜೊತೆಗಾತಿ ಕನೇಲಾ. ಅವಳಿಲ್ಲದ ಲಾಯವನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ಉಪವಾಸ ಶುರುವಾಯಿತು. ಮಾಂಸ, ಮೊಟ್ಟೆ, ಚೀಸ್ ಯಾವುದೂ ಮುಟ್ಟುವಂತಿಲ್ಲ. ತೂಕ ಇಳಿಸಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು? ಹುಟ್ಟಿದಾಗಿನಿಂದ ಒಂದು ದಿನವೂ ಉಪವಾಸ ಮಾಡದ ಪಂಡೆಲಿಸ್ ಈ ಸಲ ಪಟ್ಟು ಹಿಡಿದು ಕೂತ.

"ಏನಯ್ಯಾ ಇದು, ಇದ್ದಕ್ಕಿದ್ದಂಗೆ ಭಕ್ತಿ ಉಕ್ಕಿ ಹರೀತಿದೆ?" ಎಂದಳು ಹೆಂಡತಿ ಮಾರಿಗೋ.

"ಸುಮ್ನಿರೇ. ಆತ್ಮಶುದ್ಧಿ."

ಪಾದ್ರಿ ಸ್ತ್ರಾತಿಸ್ ಇದನ್ನು ಪೂರಾ ನಂಬಿದರು. ಭಾನುವಾರ ಚರ್ಚಿನಲ್ಲಿ, "ಪಂಡೆಲಿಸನ್ನ ನೋಡಿ ಕಲೀರಪ್ಪಾ!" ಎಂದು ಕೊಂಡಾಡಿದರು. ಅಲ್ಲಿಗೆ ಕಥೆ ಕೆಟ್ಟಿತು. ಪಾಪ ಭಕ್ತ ಸೊರಗಿ ಹೋದಾನೆಂದು ಊರಿನ ಅಜ್ಜಿಯರೆಲ್ಲ ಉಪವಾಸಕ್ಕೆ ಸಲ್ಲುವ ತಿಂಡಿ ಹೊತ್ತು ತಂದರು: ಎಳ್ಳಿನ ಹಲ್ವಾ, ಆಲಿವ್ ಹಾಕಿದ ರೊಟ್ಟಿ, ಜೇನು ಸುರಿದ ಕಡುಬು. ಬೇಡವೆಂದರೆ ಗುಟ್ಟು ರಟ್ಟು. ತಿಂದ. ಈಸ್ಟರಿನ ಹೊತ್ತಿಗೆ ತಕ್ಕಡಿ ನೂರಹದಿನೇಳು ತೋರಿಸಿತು.

ಪಶುವೈದ್ಯೆ ಇಸ್ಮಿನಿ ಬಂದಿಳಿದಾಗ ಪಂಡೆಲಿಸ್ ಕನೇಲಾಳ ಕೊರಳು ತಬ್ಬಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. "ಕರ್ಕೊಂಡು ಹೋಗ್ಬೇಡಮ್ಮಾ. ಉಪವಾಸ ಮಾಡೂ ನೋಡ್ದೆ."

ಪಕ್ಕದಲ್ಲಿದ್ದ ಪಾದ್ರಿ ಕಣ್ಣರಳಿಸಿದರು. "ಹಂಗಾದ್ರೆ ಅದು ದೇವರಿಗಲ್ವೇನೋ?"

"ಕನೇಲಾಗೆ, ಗುರುಗಳೇ."

ಇಸ್ಮಿನಿ ನಗು ತಡೆಯಲಾರದೆ, "ಒಯ್ತಾರೆ ಅಂತ ಯಾರು ಮಾಮಾ ಹೇಳಿದ್ದು? ಜೀನು ಉಜ್ಜಿ ಬೆನ್ನು ಗಾಯ ಆಗಿದೆ, ಮುಲಾಮು ಕೊಡ್ತೀನಿ. ಅವಳು ನಿಮ್ಮತ್ರಾನೇ ಇರ್ಲಿ. ನೀವು ಕೆಳಗಿಳಿದು ನಡೀರಿ, ಅಷ್ಟೇ," ಎಂದಳು.

ಅಷ್ಟೇನಾ! ಪಂಡೆಲಿಸ್ ಕುಣಿಯುತ್ತಲೇ ಊರಿಗೆ ಹೋಗುವ ಮೆಟ್ಟಿಲು ಹತ್ತತೊಡಗಿದ, ಕನೇಲಾಳ ಹಗ್ಗ ಕೈಯಲ್ಲಿ ಹಿಡಿದು. ಮೊದಲ ತಿರುವಿಗೇ ಏದುಸಿರು. ಮೂರನೆಯ ತಿರುವಿನಲ್ಲಿ ಕಟ್ಟೆಯ ಮೇಲೆ ಕುಸಿದ. ಕನೇಲಾ ಕೂಡ ಅಲ್ಲೇ ನಿಂತಳು. ಹದಿನಾಲ್ಕು ವರ್ಷವೂ ಅವಳು ನಿಲ್ಲುತ್ತಿದ್ದದ್ದು ಅಲ್ಲೇ. "ಸೋಮಾರಿ ಮುಂಡೇದೇ" ಎಂದು ಅವನು ಹಿಮ್ಮಡಿಯಿಂದ ತಿವಿಯುತ್ತಿದ್ದದ್ದೂ ಅಲ್ಲೇ. ಅವನಿಗೆ ನಾಚಿಕೆಯಾಯಿತು.

"ಇಲ್ಲಿಗೆ ಬಂದ್ರೆ ನಿಂಗೂ ಹಿಂಗೇ ಆಗ್ತಿತ್ತೇನೇ?" ಎಂದು ಅವಳ ಹಣೆ ಸವರಿದ. ಮತ್ತೆ ಉಸಿರು ಬಂದರೂ ಏಳಲಿಲ್ಲ. ಅವಳೇ ಮೊದಲ ಹೆಜ್ಜೆ ಇಡುವ ತನಕ ಕಾದು ಕೂತ.