ನೋಡದೆ ಹಾಕಿದ ಸಹಿ

ಕರೆಂಟು ಹೋದದ್ದು ಮಧ್ಯಾಹ್ನ ಮೂರೂಕಾಲಿಗೆ. ಹಾಡಹಗಲಲ್ಲಿ ಕರೆಂಟು ಹೋದರೆ ಯಾರಿಗೆ ಗೊತ್ತಾಗುತ್ತದೆ? ಉತ್ತರಪತ್ರಿಕೆಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದ ಟೀಚರ್‌ಗೆ ಗೊತ್ತಾದದ್ದು ಅತ್ತೆಯ ಕೂಗಿನಿಂದ. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆಗೆಂದೇ ಮನೆಯೊಳಗೆ ಹಾಕಿಸಿದ್ದ ಪುಟ್ಟ ಲಿಫ್ಟು ಮಹಡಿಗೂ ನೆಲಕ್ಕೂ ನಡುವೆ ನಿಂತುಬಿಟ್ಟಿತ್ತು. ಅತ್ತೆ ಒಳಗಿದ್ದರು. ಅವರು ಉಬ್ಬಸ ಬಂದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಅಡುಗೆಮನೆಯ ಕಪಾಟಿನಲ್ಲಿತ್ತು.

"ಗಾಬರಿ ಆಗ್ಬೇಡಿ ಅತ್ತೆ, ಬ್ಯಾಟರಿ ಇದೆ. ತಾನಾಗೇ ಇಳಿಯುತ್ತೆ."

ಹೇಳಿದ ಮೇಲೆ ಅವಳಿಗೆ ಹೋದ ತಿಂಗಳು ನೆನಪಾಯಿತು.

ಹೋದ ತಿಂಗಳು ಲಿಫ್ಟಿನವನು ಬಂದಿದ್ದ. ವಾರಂಟಿ ಉಳಿಯಬೇಕಾದರೆ ಆರು ತಿಂಗಳಿಗೊಮ್ಮೆ ಸರ್ವಿಸ್ ಆಗಬೇಕು, ಆಯಿತು ಅನ್ನುವುದಕ್ಕೆ ಮನೆಯವರ ಸಹಿ ಬೀಳಬೇಕು ಎಂದು ಕರಾರಿನಲ್ಲಿ ಬರೆದಿದೆ. ಅವನು ಹೊಸ್ತಿಲು ದಾಟಲಿಲ್ಲ. "ಮಗಳಿಗೆ ಜ್ವರ ಟೀಚರೇ, ಆಸ್ಪತ್ರೆಗೆ ಓಡ್ಬೇಕು. ಹಳೇ ಬ್ಯಾಟರಿ ತೆಗೆದು ಹೊಸದು ಹಾಕ್ಬೇಕು, ನಾಳೆ ಬಂದು ಹಾಕ್ತೀನಿ. ಸೈನ್ ಮಾತ್ರ ಇವತ್ತೇ ಬೇಕು" ಅಂದ. ಅವಳು ಹಿಂದೆಮುಂದೆ ನೋಡುವಾಗ ಒಳಗಿನಿಂದ ಅತ್ತೆ, "ಪಾಪ, ಹಾಕಿ ಕಳಿಸಮ್ಮಾ" ಎಂದರು. ಪ್ರಶ್ನೆ ಓದದೆ ಉತ್ತರ ಬರೀಬೇಡಿ ಎಂದು ಇಪ್ಪತ್ತು ವರ್ಷ ಮಕ್ಕಳ ತಲೆ ತಿಂದ ಟೀಚರಮ್ಮ, ಒಂದು ಸಾಲೂ ಓದದೆ ಗೀಚಿಕೊಟ್ಟಳು. ಅವನ ನಾಳೆ ಬರಲೇ ಇಲ್ಲ. ಇವಳಿಗೂ ಮರೆತೇಹೋಯಿತು.

ಮೊದಲು ಅವನಿಗೇ ಫೋನ್ ಮಾಡಿದಳು.

"ದಮ್ಮಯ್ಯ ಟೀಚರೇ, ಕಂಪನಿಗೆ ಹೇಳ್ಬೇಡಿ," ಅಂದ. "ಊರಾಚೆ ಇದ್ದೀನಿ, ಒಂದೂವರೆ ಗಂಟೇಲಿ ಬರ್ತೀನಿ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ಒಳಗೆ ಅತ್ತೆ ಇದ್ದಾರಪ್ಪಾ! ಕೈಯಲ್ಲಿ ಇಳಿಸೋ ಹಿಡಿ ಗೋಡೆ ಪೆಟ್ಟಿಗೇಲಿದೆ ಅಂದಿದ್ಯಲ್ಲ, ಅದರ ಬೀಗದ ನಂಬರಾದ್ರೂ ಹೇಳು."

"ಆ ನಂಬರು ಆಫೀಸಿನೋರಿಗೆ ಮಾತ್ರ ಗೊತ್ತು. ಒಂದೂವರೆ ಗಂಟೆ ಟೀಚರೇ, ಏನೂ ಆಗಲ್ಲ."

ಏನೂ ಆಗಲ್ಲವಂತೆ! ಲಿಫ್ಟಿನ ಗಾಜಿನಾಚೆ ಅತ್ತೆ ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೆಮ್ಮುತ್ತಿದ್ದರು. ಫ್ಯಾನು ನಿಂತಿತ್ತು. ಪಂಪು ತಂದು ಬಾಗಿಲ ಸಂದಿಯಲ್ಲಿ ತೂರಿಸಲು ನೋಡಿದಳು, ಕಿರುಬೆರಳೂ ಹೋಗದಷ್ಟು ಸಂದಿ. ಕೆಮ್ಮು ನಿಂತು ಸಿಳ್ಳೆಯಂಥ ಉಸಿರು ಶುರುವಾದಾಗ ಅವಳು ಕಂಪನಿಯ ನಂಬರು ಒತ್ತಿದಳು.

ಅತ್ತಲಿಂದ ಒಂದು ಹೆಣ್ಣುದನಿ ನಿಧಾನವಾಗಿ ಓದಿತು. "ನಿಮ್ಮ ಲಿಫ್ಟಿಗೆ ಹೋದ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿದ್ದಾರೆ ಮೇಡಂ, ನಿಮ್ಮ ಸೈನ್ ಇದೆ. ಬ್ಯಾಟರಿ ಹೊಸದಿದ್ದೂ ಇಳೀತಿಲ್ಲ ಅಂದ್ರೆ ಬ್ರೇಕ್ ಕೆಟ್ಟಿರಬೇಕು. ಯಾರೂ ಮುಟ್ಟಬೇಡಿ. ಬ್ರೇಕಿನವರು ಬರೋಕೆ ಮೂರು ಗಂಟೆ ಆಗುತ್ತೆ."

"ಬ್ಯಾಟರಿ ಹಳೇದೇ ಆಗಿದ್ರೆ?"

"ಆಗ ಬೀಗದ ನಂಬರ್ ಈಗಲೇ ಕೊಡ್ತಿದ್ದೆ, ನೀವೇ ಇಳಿಸಬಹುದಿತ್ತು. ಆದ್ರೆ ಹೊಸದು ಅಂತಿದೆಯಲ್ಲ."

ಸಿಳ್ಳೆ ಇನ್ನೂ ಸಣ್ಣಗಾಯಿತು.

"ಹಳೇದೇ," ಅಂದಳು. "ಹೊಸದು ಹಾಕಿಲ್ಲ. ನಾನು ಸುಮ್ನೆ ಸೈನ್ ಹಾಕಿಕೊಟ್ಟೆ."

"ಮೇಡಂ, ಈ ಮಾತು ರೆಕಾರ್ಡ್ ಆಗ್ತಿದೆ. ಹೀಗೆ ಬರ್ಕೊಂಡ್ರೆ ಸರ್ವಿಸ್ ಆಗಿಲ್ಲ ಅಂತಾಗುತ್ತೆ, ವಾರಂಟಿ ನಿಂತುಹೋಗುತ್ತೆ. ಹುಡುಗನ ಮೇಲೂ ಕ್ರಮ ಆಗುತ್ತೆ. ಯಾರಾದ್ರೂ ಬಲವಂತ ಮಾಡಿ ಹಾಕಿಸಿದ್ರಾ?"

ಅವಳು ತಲೆಯೆತ್ತಿದಳು. ಸ್ಪೀಕರಿನಲ್ಲಿದ್ದ ಮಾತೆಲ್ಲ ಅತ್ತೆಗೆ ಕೇಳಿಸಿತ್ತು. ಗಾಜಿನ ಹಿಂದಿನಿಂದ ಆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಯಾರೂ ಇಲ್ಲ. ನಾನೇ ನೋಡದೆ ಹಾಕಿದ್ದು. ಬರ್ಕೊಳ್ಳಿ, ನಂಬರ್ ಹೇಳಿ."

ನಾಲ್ಕಂಕಿ. ಬೆರಳು ಒಮ್ಮೆ ತಪ್ಪಿತು, ಎರಡನೆಯ ಸಲ ಪೆಟ್ಟಿಗೆ ತೆರೆಯಿತು. ಅರ್ಧ ಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ಅರ್ಧ ಎಂದು ಫೋನು ಹೇಳುತ್ತಿತ್ತು. ನಿಜವಾಗಿಯೂ ಬ್ರೇಕೇ ಕೆಟ್ಟಿದ್ದರೆ ಎಂಬ ಯೋಚನೆ ಆಗ ಬಂತು. ಲಿಫ್ಟು ಒಮ್ಮೆ ದಡಕ್ಕನೆ ಕುಸಿಯಿತು. ಹಿಡಿಯನ್ನು ಎರಡು ಕೈಯಲ್ಲೂ ಅದುಮಿ ನಿಂತಳು. ಅದು ನಿಂತಿತು. ಮತ್ತೆ ಅರ್ಧ ಸುತ್ತು. ಗೇಣು ಗೇಣಾಗಿ ಗಾಲಿಕುರ್ಚಿ ನೆಲದ ಮಟ್ಟಕ್ಕೆ ಬಂದಿತು, ಬಾಗಿಲು ಬಿಚ್ಚಿಕೊಂಡಿತು.

ನಾಲ್ಕು ಸಲ ಪಂಪು ಎಳೆದ ಮೇಲೆ ಅತ್ತೆಯ ಮುಖಕ್ಕೆ ಬಣ್ಣ ಬಂತು. ಬೈಗುಳಕ್ಕೆ ಸೊಸೆ ತಯಾರಾಗಿಯೇ ನಿಂತಿದ್ದಳು. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಒಂದು ವಾರ ಎತ್ತಿ ಆಡುವ ಬಾಯಿ ಅದು.

"ಸೈನ್ ಹಾಕು ಅಂದಿದ್ದು ನಾನು," ಅಂದರು ಅತ್ತೆ. "ಅವರು ಕೇಳಿದಾಗ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಕೈ ನಂದಲ್ವಾ ಅತ್ತೆ."

ಅತ್ತೆ ಅವಳ ಸೆರಗಿನ ಚುಂಗು ಹಿಡಿದುಕೊಂಡರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಲಿಫ್ಟಿನವನು. ಕಂಪನಿಯವರು ಅವನಿಗೆ ಆಗಲೇ ವಿಷಯ ಮುಟ್ಟಿಸಿರಬೇಕು. ಅವಳು ಫೋನನ್ನೇ ನೋಡುತ್ತ ನಿಂತಳು.

"ಇಲ್ಲಿ ಕೊಡು," ಎಂದು ಅತ್ತೆ ಕೈ ಚಾಚಿದರು. "ಒಳಗಿದ್ದವಳು ನಾನು."

ಫೋನು ಕಿವಿಗಿಟ್ಟುಕೊಂಡರು. ಅವನ ಅಳುದನಿ ಸೊಸೆಗೂ ಕೇಳಿಸುತ್ತಿತ್ತು. ಅತ್ತೆ ಅವನು ಮುಗಿಸಲೆಂದು ಕಾದರು.

"ಅದೆಲ್ಲ ಆಮೇಲೆ," ಅಂದರು. "ಮೊದಲು ಒಂದು ಹೇಳು. ಅವತ್ತು ಮಗಳಿಗೆ ಜ್ವರ ನಿಜವಾಗ್ಲೂ ಇತ್ತಾ?"

ಆಚೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅತ್ತೆ ಫೋನನ್ನು ಮೆಲ್ಲಗೆ ತೊಡೆಯ ಮೇಲಿಟ್ಟರು. ಸೆರಗು ಮಾತ್ರ ಬಿಡಲಿಲ್ಲ.